ನಾಯಕಿ ತನ್ನನ್ನು ತಾನು ಕಂಡುಕೊಳ್ಳುವ ಕಾದಂಬರಿ: ಮಲೆನಾಡಿನ ಕಥೆ ಬರೆಯುವವರಿಗೆ ಹಂತ ಹಂತದ ಮಾರ್ಗದರ್ಶಿ

ಓದಿ ನೋಡಿ ಅಂತ ನನ್ನ ಕೈಗೆ ಬರುವ ಕಾದಂಬರಿಯ ಕರಡುಗಳಲ್ಲಿ ಹೆಚ್ಚಿನವು ಒಂದೇ ಜಾಗದಲ್ಲಿ ಎಡವುತ್ತವೆ. ನಾಯಕಿ ಮಲೆನಾಡಿನವಳು. ಇನ್ನೂರು ಪುಟ ಪಾತ್ರೆ ತೊಳೆಯುತ್ತಾಳೆ, ಬೈಸಿಕೊಳ್ಳುತ್ತಾಳೆ, ಅಳುತ್ತಾಳೆ. ಇನ್ನೂರ ಹತ್ತನೇ ಪುಟದಲ್ಲಿ ಜೋರು ಮಳೆ ಬರುತ್ತದೆ. ಕಿಟಕಿ ಹತ್ತಿರ ನಿಂತು ‘ನಾನು ಯಾರು?’ ಎಂದು ಕೇಳಿಕೊಳ್ಳುತ್ತಾಳೆ. ಉತ್ತರ ಸಿಕ್ಕಿಬಿಡುತ್ತದೆ. ಮರುದಿನ ಬೆಂಗಳೂರಿನ ಬಸ್ಸು ಹತ್ತುತ್ತಾಳೆ.

ಓದುವವರಿಗೆ ನಂಬಿಕೆ ಬರುವುದಿಲ್ಲ. ಬರೆದವರಿಗೂ ಏನೋ ಸರಿಯಿಲ್ಲ ಅಂತ ಅನಿಸಿರುತ್ತದೆ. ಹಾಗಾಗಿ ಆ ಕಿಟಕಿಯ ದೃಶ್ಯವನ್ನೇ ಹತ್ತು ಸಲ ತಿದ್ದುತ್ತಾರೆ. ಮಳೆ ಇನ್ನೂ ಜೋರಾಗುತ್ತದೆ, ಮಾತು ಇನ್ನೂ ಉದ್ದವಾಗುತ್ತದೆ, ನಂಬಿಕೆ ಮಾತ್ರ ಬರುವುದಿಲ್ಲ. ಏಕೆಂದರೆ ತಪ್ಪು ಆಗಿರುವುದು ಬಹಳ ಹಿಂದೆ. ಅವಳಿಗೆ ಏನು ಅರಿವಾಗಬೇಕು ಎಂದು ಮೊದಲೇ ತೀರ್ಮಾನಿಸಿ, ಆಮೇಲೆ ಅವಳ ಬದುಕನ್ನು ತುಂಬಿಸಿರುತ್ತಾರೆ. ಇಲ್ಲಿ ಹೇಳುವ ಕ್ರಮ ಇದಕ್ಕೆ ಉಲ್ಟಾ. ಮೊದಲು ಅವಳ ಕೈಕೆಲಸ, ಆಮೇಲೆ ಅವಳಿಗೆ ಅಂಟಿದ ಮಾತು, ಆಮೇಲೆ ಅವಳ ತೀರ್ಮಾನಗಳು. ಅರಿವು ಎಲ್ಲಕ್ಕಿಂತ ಕೊನೆಗೆ.

ಉದಾಹರಣೆಗೆ ಒಬ್ಬಳನ್ನು ಜೊತೆಗೆ ಇಟ್ಟುಕೊಳ್ಳೋಣ. ಹೆಸರು ಜಲಜ. ವಯಸ್ಸು 41. ತವರು ಸೊರಬದ ಕಡೆ. ಕೊಟ್ಟಿದ್ದು ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಆಚೆ ದಡದ ತುಮರಿ ಕಡೆಗೆ. ಎರಡು ಎಕರೆ ಅಡಿಕೆ ತೋಟ, ಗಂಡ, ಅತ್ತೆ, ಹಾಸ್ಟೆಲಿನಲ್ಲಿ ಇದ್ದು ಓದುವ ಮಗ. ಪೂರ್ತಿ ಕಲ್ಪನೆಯವಳು. ನಿಮ್ಮ ನಾಯಕಿ ಬೇರೆ ಯಾರೇ ಆಗಿರಲಿ, ಹಂತಗಳು ಇವೇ.

## ಬರೆಯಲು ಕೂರುವ ಮುಂಚೆ ಏನೇನು ಬೇಕು

ಎರಡು ನೋಟ್‌ಬುಕ್. ಒಂದು ಕಥೆಗೆ, ಇನ್ನೊಂದು ಬರೀ ಕೆಲಸದ ವಿವರಕ್ಕೆ. ಒಂದು ತಾಲ್ಲೂಕು ನಕ್ಷೆ. ಕಥೆ ನಡೆಯುವ ವರ್ಷದ ಕ್ಯಾಲೆಂಡರ್, ಹಬ್ಬಗಳು ಯಾವ ವಾರ ಬಿದ್ದಿದ್ದವು ಎಂದು ನೋಡಲು.

ಇವೆಲ್ಲಕ್ಕಿಂತ ಮುಖ್ಯವಾದದ್ದು, ನಿಮ್ಮ ನಾಯಕಿ ಮಾಡುವ ಕೆಲಸವನ್ನು ನಿಜವಾಗಿ ಮಾಡಿರುವ ಒಬ್ಬ ಹೆಂಗಸು. ಅವರ ಜೊತೆ ನಾಲ್ಕು ಸಂಜೆ ಕೂರಬೇಕು. ನನ್ನದೇ ಒಂದು ಹಳೆಯ ಕರಡಿನಲ್ಲಿ ನಾಯಕಿ ರಾತ್ರಿ ಅಡಿಕೆ ಸುಲಿಯುತ್ತಾ ನಕ್ಷತ್ರ ನೋಡುತ್ತಿದ್ದಳು. ಬಹಳ ಇಷ್ಟಪಟ್ಟು ಬರೆದ ಪುಟ ಅದು. ಹೊಸನಗರದ ಕಡೆಯ ಒಬ್ಬ ಅಜ್ಜಿಗೆ ಓದಿ ಹೇಳಿದೆ. ಅವರು ಅರ್ಧಕ್ಕೇ ತಡೆದರು. “ಮೆಟ್ಟುಗತ್ತಿ ಮುಂದೆ ಕೂತು ಆಕಾಶ ನೋಡಿದ್ರೆ ಬೆರಳು ಹೋಗ್ತದೆ ಮಾರಾಯ್ತಿ” ಅಂದರು. ಅಷ್ಟೇ ಹೇಳಿದ್ದು. ಆ ಪುಟ ಮಾತ್ರ ಅಲ್ಲ, ಅದರ ಮೇಲೆ ನಿಂತಿದ್ದ ಮೂರು ಅಧ್ಯಾಯವನ್ನು ಮತ್ತೆ ಬರೆಯಬೇಕಾಯಿತು. ಅಡಿಕೆ ಸುಲಿಯುವ ಹೆಂಗಸು ಎಲ್ಲಿ ನೋಡುತ್ತಾಳೆ ಎಂದೇ ಗೊತ್ತಿಲ್ಲದಿದ್ದರೆ, ಅವಳು ಏನು ಯೋಚಿಸುತ್ತಾಳೆ ಅಂತ ನನಗೆ ಹೇಗೆ ಗೊತ್ತಿರಲು ಸಾಧ್ಯ?

## ಹಂತ 1: ಅವಳ ಕೈಗೆ ಹನ್ನೆರಡು ತಿಂಗಳ ಕೆಲಸ ಕೊಡಿ

ಕಥೆಯ ಬಗ್ಗೆ ಒಂದು ಸಾಲೂ ಬರೆಯುವ ಮುಂಚೆ ಕೆಲಸದ ನೋಟ್‌ಬುಕ್ ತೆಗೆಯಿರಿ. ತಿಂಗಳಿಗೊಂದು ಪುಟ ಬಿಡಿ. ಆ ತಿಂಗಳು ಅವಳ ಕೈ ಏನು ಮಾಡುತ್ತದೆ ಎಂದು ಬರೆಯಿರಿ.

ಜಲಜಳ ಪುಟಗಳು ಹೀಗಿರುತ್ತವೆ. ಮಳೆ ಹಿಡಿಯುವ ಹೊತ್ತಿಗೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಸಬೇಕು. ಮೈಲುತುತ್ತು, ಸುಣ್ಣ ಕಲಸುವುದು ಅವಳ ಪಾಲಿಗೆ. ಸುಮಾರು ನಲವತ್ತು ದಿನ ಬಿಟ್ಟು ಇನ್ನೊಂದು ಸಲ. ಜುಲೈಯಲ್ಲಿ ಗದ್ದೆ ನಾಟಿ. ತೋಟಕ್ಕೆ ಇಳಿದು ಬಂದರೆ ಕಾಲಿಂದ ಇಂಬಳ (ಜಿಗಣೆ) ಕೀಳುವ ಕೆಲಸ. ಬಚ್ಚಲ ಒಲೆಗೆ ಬೇಸಿಗೆಯಲ್ಲೇ ಗುಡಿಸಿ ತುಂಬಿಟ್ಟ ದರಕು, ಅಂದರೆ ಒಣ ಎಲೆ. ಅಕ್ಟೋಬರ್ ಸುಮಾರಿಗೆ ಬೆಳೆ ಹೊತ್ತ ಭೂಮಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ. ನವೆಂಬರಿನಿಂದ ಜನವರಿ ತನಕ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ. ಕೊನೆಗಾರ ಇಳಿಸಿದ ಹಸಿ ಅಡಿಕೆ ರಾತ್ರಿ ಹೊತ್ತು ಸುಲಿತ ಆಗಬೇಕು, ಮರುದಿನ ಚೊಗರಿನ (ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಹಂಡೆಯಲ್ಲಿ ಬೇಯಬೇಕು, ಆಮೇಲೆ ಚಪ್ಪರದ ಮೇಲೆ ಒಣಗಬೇಕು. ಬೇಸಿಗೆಗೆ ಮಾವಿನಮಿಡಿ, ಹಲಸಿನ ಹಪ್ಪಳ, ಮದುವೆಮನೆಗಳು.

ಈಗ ಈ ಪಟ್ಟಿಯಲ್ಲಿ ಒಂದೇ ಒಂದು ಕೆಲಸ ಆರಿಸಿ. ಯಾರೂ ಕೆಲಸ ಅಂತ ಲೆಕ್ಕಕ್ಕೆ ಹಿಡಿಯದ, ಆದರೆ ಅವಳಿಗೆ ಚೆನ್ನಾಗಿ ಬರುವ ಒಂದು ಕೆಲಸ. ಜಲಜಳ ವಿಷಯದಲ್ಲಿ ಅದು ಸುಲಿತದ ರಾತ್ರಿಯ ಲೆಕ್ಕ. ಹತ್ತು ಹನ್ನೆರಡು ಜನ ಸುಲಿಯುತ್ತಾರೆ. ಯಾರು ಎಷ್ಟು ಡಬ್ಬ ಸುಲಿದರು, ಡಬ್ಬಕ್ಕೆ ಎಷ್ಟು ಕೂಲಿ, ಯಾರು ಮುಂಗಡ ತೆಗೆದುಕೊಂಡಿದ್ದಾರೆ, ಯಾರಿಗೆ ಎಷ್ಟು ಉಳಿಯಿತು. ಇಪ್ಪತ್ತು ವರ್ಷದಿಂದ ಅದನ್ನೆಲ್ಲ ಅವಳು ಬಾಯಲ್ಲೇ ಹೇಳುತ್ತಾಳೆ. ಯಾರ ಹತ್ತಿರವೂ ಜಗಳ ಆಗಿಲ್ಲ.

ಈ ಕೆಲಸವನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿಡಿ. ಮುಂದೆ ಇಡೀ ಕಾದಂಬರಿ ಇದರ ಮೇಲೆ ನಿಲ್ಲುತ್ತದೆ.

ಎಚ್ಚರಿಕೆ: ಹನ್ನೆರಡು ಪುಟದಲ್ಲಿ ನಾಲ್ಕು ಖಾಲಿ ಉಳಿದರೆ ಇನ್ನೂ ಬರೆಯಲು ಶುರು ಮಾಡಬೇಡಿ. ಮತ್ತೆ ಹೋಗಿ ಕೇಳಿಕೊಂಡು ಬನ್ನಿ.

## ಹಂತ 2: ವರ್ಷ ಮತ್ತು ದಾರಿ ಗಟ್ಟಿ ಮಾಡಿ

“ಕಥೆ ಯಾವ ಕಾಲದ್ದು?” ಎಂದು ಕೇಳಿದರೆ “ಈಗಿನದ್ದೇ, ಸುಮ್ನೆ ಸ್ವಲ್ಪ ಹಿಂದೆ” ಎನ್ನುವವರು ತುಂಬಾ ಜನ. ಇದು ನಡೆಯುವುದಿಲ್ಲ. ಹೆಣ್ಣೊಬ್ಬಳು ಏನು ಮಾಡಬಹುದು, ಏನು ಮಾಡಲಾರಳು ಎನ್ನುವುದು ವರ್ಷದಿಂದ ವರ್ಷಕ್ಕೆ ಬದಲಾಗಿದೆ.

ದಾರಿಯನ್ನೇ ನೋಡಿ. ತುಮರಿ ಕಡೆಯವರು ಸಾಗರಕ್ಕೆ ಬರಬೇಕಾದರೆ ಕಳಸವಳ್ಳಿಯಿಂದ ಅಂಬಾರಗೋಡ್ಲಿಗೆ ಹಿನ್ನೀರು ದಾಟಿಸುವ ಲಾಂಚ್ ಹತ್ತಬೇಕಿತ್ತು. ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈಯಲ್ಲಿ. ಜಲಜಳ ಕಥೆ 2024ರ ಜನವರಿಯಲ್ಲಿ ನಡೆಯುವುದಾದರೆ ಸಂಜೆಯ ಕೊನೆ ಲಾಂಚ್ ಎನ್ನುವುದು ಅವಳ ಇಡೀ ದಿನವನ್ನು ಕಟ್ಟಿಹಾಕುತ್ತದೆ. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಿದ್ದೂ ಇದೆ. ಅದೇ ಕಥೆಯನ್ನು ಎರಡು ವರ್ಷ ಮುಂದೆ ತಳ್ಳಿದರೆ ಅವಳು ಯಾವಾಗ ಬೇಕಾದರೂ ದಾಟಬಹುದು. ಆಗ ತಡೆಯಲು ಬೇರೆ ಏನಾದರೂ ಹುಡುಕಬೇಕು.

ಆಸ್ತಿಯ ವಿಷಯ ಬಂದರೆ ಇನ್ನೂ ಹುಷಾರು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕರ್ನಾಟಕ ತಿದ್ದುಪಡಿ ತಂದಿದ್ದು 1994ರಲ್ಲಿ. ಆದರೆ ಅದಕ್ಕೂ ಮುಂಚೆ ಮದುವೆಯಾದವರಿಗೆ ಅದು ಅನ್ವಯಿಸುತ್ತಿರಲಿಲ್ಲ. ಕೇಂದ್ರದ 2005ರ ತಿದ್ದುಪಡಿಯ ನಂತರ ಆ ಭೇದ ಹೋಯಿತು. ಹಾಗಾಗಿ 1998ರಲ್ಲಿ ನಡೆಯುವ ಕಥೆಯಲ್ಲಿ ಎಂದೋ ಮದುವೆಯಾದ ಐವತ್ತು ವರ್ಷದ ಅಕ್ಕ, ಮದುವೆಯಾಗದ ತಂಗಿ ಇಬ್ಬರೂ ಒಂದೇ ನ್ಯಾಯ ಮಾತಾಡಿದರೆ ತಪ್ಪಾಗುತ್ತದೆ. ಗೇಣಿ ಜಮೀನಿನ ಮನೆಯಾದರೆ 1974ರ ಭೂಸುಧಾರಣೆಯ ಮುಂಚೆಯೋ ನಂತರವೋ ನೋಡಿಕೊಳ್ಳಿ. ಗೇಣಿದಾರನಾಗಿದ್ದ ಅಪ್ಪ ಮಗಳಿಗೆ ಹೇಳುವ ಮಾತು, ಡಿಕ್ಲರೇಷನ್ ಅರ್ಜಿ ಹಾಕಿ ಜಮೀನು ಪಡೆದ ಅಪ್ಪ ಹೇಳುವ ಮಾತು ಬೇರೆ ಬೇರೆ.

ಇಲ್ಲೇ ಒಂದು ದೊಡ್ಡ ಗುಂಡಿ ಇದೆ. 1964ರಲ್ಲಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಎಷ್ಟೋ ಊರುಗಳು ನೀರಿನಡಿ ಹೋದವು. ಹಿರೇಭಾಸ್ಕರದ ಹಳೆಯ ಅಣೆಕಟ್ಟೂ ಮುಳುಗಿದೆ, ನೀರು ಇಳಿದ ಬೇಸಿಗೆಯಲ್ಲಿ ಮೇಲೆ ಕಾಣುತ್ತದೆ. ಇದನ್ನು ಕೇಳಿದ ತಕ್ಷಣ ಎಲ್ಲರಿಗೂ ಒಂದೇ ಯೋಚನೆ ಬರುತ್ತದೆ: ಮುಳುಗಿದ ಊರು ನಾಯಕಿಯ ಮನಸ್ಸು, ನೀರು ಇಳಿದಾಗ ನೆನಪು ಮೇಲೆ ಬರುತ್ತದೆ. ದಯವಿಟ್ಟು ಬೇಡ. ಮನೆ ಕಳೆದುಕೊಂಡು, ಹಕ್ಕುಪತ್ರಕ್ಕಾಗಿ ತಲೆಮಾರುಗಟ್ಟಲೆ ಅಲೆದ ಜನರ ಕಷ್ಟ ಅದು. ಅದನ್ನು ಒಂದು ಉಪಮೆಗೆ ಬಳಸಿ ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ. ಮುಳುಗಡೆ ಬರೆಯುವುದಾದರೆ ಯಾರ ಮನೆ, ಎಷ್ಟು ಜಮೀನು, ಆಮೇಲೆ ಎಲ್ಲಿಗೆ ಹೋದರು ಎಂದು ಬರೆಯಿರಿ.

## ಹಂತ 3: ಅವಳಿಗೆ ಅಂಟಿದ ಮಾತನ್ನು ಹುಡುಕಿ

ತನ್ನನ್ನು ಕಂಡುಕೊಳ್ಳುವುದು ಎಂದರೆ ಮೊದಲು ಯಾವುದೋ ಮರೆಯಾಗಿರಬೇಕು. ಮರೆ ಮಾಡುವುದು ಸಾಮಾನ್ಯವಾಗಿ ಒಂದು ಸಣ್ಣ ಮಾತು. ಚಿಕ್ಕಂದಿನಲ್ಲಿ ಯಾರೋ ಅಂದಿದ್ದು. ಅಂದವರು ಮರೆತಿರುತ್ತಾರೆ, ಅವಳಿಗೆ ಅದು ಅಂಟಿಕೊಂಡಿರುತ್ತದೆ.

ಜಲಜ ಆರನೇ ಕ್ಲಾಸಿನಲ್ಲಿ ಗಣಿತದಲ್ಲಿ ಫೇಲಾಗಿದ್ದಳು. ಅಪ್ಪಯ್ಯ ನೆಂಟರ ಎದುರು ನಗುತ್ತಾ ಅಂದಿದ್ದರು: “ಜಲಜಂಗೆ ಲೆಕ್ಕ ಹತ್ತಲ್ಲ.” ಸಿಟ್ಟಿಲ್ಲದೆ, ಪ್ರೀತಿಯಿಂದಲೇ ಅಂದಿದ್ದು. ಮದುವೆಯಾದ ಮೇಲೆ ಅವಳೇ ಗಂಡನ ಹತ್ತಿರ ಹೇಳಿದಳು, “ನಂಗೆ ಲೆಕ್ಕ ಹತ್ತಲ್ಲ, ನೀವೇ ನೋಡ್ಕೊಳ್ಳಿ.” ಅಡಿಕೆ ಮಾರುವ ಮಂಡಿಯ ಪಟ್ಟಿ, ಸೊಸೈಟಿ ಸಾಲ, ಬ್ಯಾಂಕಿನ ಪಾಸ್‌ಬುಕ್ ಎಲ್ಲವೂ ಅವನ ಪೆಟ್ಟಿಗೆಯಲ್ಲಿ. ಯಾರೂ ಕಿತ್ತುಕೊಂಡಿದ್ದಲ್ಲ, ಅವಳೇ ಕೊಟ್ಟಿದ್ದು.

ಈಗ ಹಂತ 1ರ ಕೆಂಪು ಗುರುತು ನೋಡಿ. ಪ್ರತಿ ರಾತ್ರಿ ಹನ್ನೆರಡು ಜನರ ಡಬ್ಬದ ಲೆಕ್ಕವನ್ನು ಬಾಯಲ್ಲೇ ಹೇಳುವವಳು, ತನಗೆ ಲೆಕ್ಕ ಹತ್ತಲ್ಲ ಎಂದು ನಂಬಿದ್ದಾಳೆ. ಕೈಗೆ ಗೊತ್ತಿರುವುದು ಅವಳಿಗೆ ಗೊತ್ತಿಲ್ಲ. ಕಾದಂಬರಿ ನಡೆಯುವುದು ಈ ಎರಡರ ನಡುವಿನ ಜಾಗದಲ್ಲಿ.

ಮಾತು ಸಿಕ್ಕಿತೋ ಇಲ್ಲವೋ ಎಂದು ತಿಳಿಯಲು ಸುಲಭ ಪರೀಕ್ಷೆ ಇದೆ. ಅದನ್ನು ಅವಳ ಮನೆಯ ಆಡುಭಾಷೆಯಲ್ಲಿ ನಾಲ್ಕೈದು ಪದದಲ್ಲಿ ಹೇಳಲು ಬರಬೇಕು. “ಸಮಾಜ ಅವಳ ಅಸ್ಮಿತೆಯನ್ನು ಹತ್ತಿಕ್ಕಿತ್ತು” ಅಂತ ಬರೆದಿದ್ದರೆ ನಿಮಗೆ ಇನ್ನೂ ಸಿಕ್ಕಿಲ್ಲ. ಯಾರು, ಎಲ್ಲಿ ಕೂತು, ಯಾರ ಎದುರು, ಯಾವ ಪದದಲ್ಲಿ ಅಂದರು? ಅದು ಬೇಕು.

ಮಾಮೂಲಿ ತಪ್ಪು: ಅಂಟಿದ ಮಾತು, ಕೈಕೆಲಸ ಎರಡಕ್ಕೂ ಸಂಬಂಧವೇ ಇಲ್ಲದಿರುವುದು. ಮಾತು ಲೆಕ್ಕದ್ದು, ಆದರೆ ಅವಳ ಪ್ರತಿಭೆ ಹಾಡಿನದು. ಆಗ ಕೊನೆಯಲ್ಲಿ ಅವಳು ಹಾಡಿದರೆ ಲೆಕ್ಕದ ಮಾತು ಹಾಗೇ ಉಳಿದುಬಿಡುತ್ತದೆ.

## ಹಂತ 4: ಅವಳಿಗೆ ಈಗ ಏನು ಬೇಕು

ಇದು ಚಿಕ್ಕ ಹಂತ. ಶುರುವಿನಲ್ಲಿ ಯಾರಿಗೂ ‘ತನ್ನನ್ನು ತಾನು ಕಂಡುಕೊಳ್ಳುವುದು’ ಬೇಕಾಗಿರುವುದಿಲ್ಲ. ಕೈಗೆ ಸಿಗುವಂಥ ಏನೋ ಬೇಕಾಗಿರುತ್ತದೆ. ಜಲಜಳಿಗೆ ಮಗನ ಹಾಸ್ಟೆಲಿಗೆ ಯುಗಾದಿ ಒಳಗೆ ದುಡ್ಡು ಕಟ್ಟಬೇಕು. ಅಷ್ಟೇ. ಗಡುವು ಇರುವ, ಕೈಗೂಡಿತೋ ಇಲ್ಲವೋ ಎಂದು ಸ್ಪಷ್ಟವಾಗಿ ಗೊತ್ತಾಗುವ ಒಂದು ಬೇಡಿಕೆ ಇಡಿ.

## ಹಂತ 5: ಮೂರು ತೀರ್ಮಾನ, ಮೂರಕ್ಕೂ ಬೆಲೆ

ನಾಯಕಿಗೆ ಏನೇನೋ ಆಗುತ್ತಾ ಹೋಗುವುದು ಬೇರೆ, ಅವಳು ಏನಾದರೂ ಮಾಡುವುದು ಬೇರೆ. ಕರಡುಗಳಲ್ಲಿ ಹೆಚ್ಚಾಗಿ ಅವಳಿಗೆ ಆಗುತ್ತಲೇ ಇರುತ್ತದೆ: ಗಂಡ ಹೊಡೆದ, ಅತ್ತೆ ಬೈದರು, ಮಗು ಸತ್ತಿತು. ಸಂಕಟ ಜಾಸ್ತಿಯಾದಷ್ಟೂ ಅರಿವು ದೊಡ್ಡದಾಗುತ್ತದೆ ಎಂದು ಬರೆಯುವವರು ನಂಬಿರುತ್ತಾರೆ. ಹಾಗಾಗುವುದಿಲ್ಲ. ಓದುವವರಿಗೆ ಅವಳ ಮೇಲೆ ಕನಿಕರ ಬರುತ್ತದೆ, ಅವಳ ಪರಿಚಯ ಆಗುವುದಿಲ್ಲ.

ಅವಳಾಗಿ ತೆಗೆದುಕೊಳ್ಳುವ ಮೂರು ತೀರ್ಮಾನ ಗೊತ್ತು ಮಾಡಿ. ಮೊದಲನೆಯದು ಯಾರ ಕಣ್ಣಿಗೂ ಬೀಳದಷ್ಟು ಸಣ್ಣದಿರಲಿ. ಎರಡನೆಯದು ಮನೆಯವರಿಗೆ ಗೊತ್ತಾಗಲಿ. ಮೂರನೆಯದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರಬಾರದು. ಒಂದೊಂದರ ಎದುರಿಗೂ ಬೆಲೆ ಬರೆಯಿರಿ.

ಜಲಜಳ ಮೊದಲ ತೀರ್ಮಾನ: ಬಾಯಿಲೆಕ್ಕವನ್ನು ಮಗನ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ಬರೆದಿಡಲು ಶುರು ಮಾಡುತ್ತಾಳೆ. ಬೆಲೆ: ಗಂಡನಿಂದ ಒಂದು ವಿಷಯ ಮುಚ್ಚಿಟ್ಟ ಹಾಗಾಯಿತು, ಅದು ಅವಳಿಗೆ ರೂಢಿಯಿಲ್ಲ. ಎರಡನೆಯದು: ಗಂಡ ಜ್ವರ ಬಂದು ಮಲಗಿದಾಗ, ಮಂಡಿಗೆ ಅಡಿಕೆಯನ್ನು ಮೈದುನನ ಕೈಲಿ ಕಳಿಸದೆ ತಾನೇ ಹೋಗುತ್ತಾಳೆ. ಬೆಲೆ: ಮೈದುನನಿಗೆ ಅವಮಾನ. ಹತ್ತು ದಿನ ಅವನು ಇವರ ಮನೆ ಮೆಟ್ಟಿಲು ಹತ್ತುವುದಿಲ್ಲ.

ಈ ಜ್ವರದ ಬಗ್ಗೆ ಒಂದು ಮಾತು. ಡಿಸೆಂಬರಿನಿಂದ ಮೇ ತನಕ ಈ ಕಡೆ ಜ್ವರ ಅಂದರೆ ಮಂಗನ ಕಾಯಿಲೆಯ ಭಯ ಎಲ್ಲರಿಗೂ ಇರುತ್ತದೆ. ಅದು ಮೊದಲು ಪತ್ತೆಯಾಗಿದ್ದೇ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಜಲಜಳ ತವರೂ ಆ ಕಡೆಯೇ. ಜನವರಿಯಲ್ಲಿ ಗಂಡನಿಗೆ ಜ್ವರ ಬಂದರೆ ಅವಳಿಗೆ ಮೊದಲು ಬರುವ ಯೋಚನೆ ಅದೇ. ಮಂಡಿಗೆ ಹೋದ ದಿನವೂ ಆ ಹೆದರಿಕೆ ಅವಳ ಜೊತೆಗಿರಬೇಕು. ಇಂಥದ್ದನ್ನು ಬಿಟ್ಟರೆ ಊರಿನವರಿಗೆ ತಕ್ಷಣ ಗೊತ್ತಾಗುತ್ತದೆ.

ಮೂರನೆಯದು: ತವರಿನ ಅಣ್ಣ ಖುಲಾಸೆ ಪತ್ರ ತರುತ್ತಾನೆ. ಅಜ್ಜನ ಕಾಲದ ಜಮೀನಿನಲ್ಲಿ ತನಗೆ ಪಾಲು ಬೇಡ ಎಂದು ಸಹಿ ಹಾಕಬೇಕು. “ಇಲ್ಲೊಂದು ಸೈನ್ ಹಾಕೇ, ಸಬ್‌ರಿಜಿಸ್ಟ್ರಾರ್ ಆಫೀಸಿಗೆ ನಾಳೆ ಹೋಗಿ ಬರೋಣ.” ಇಷ್ಟು ವರ್ಷ ಅವಳು ಓದದೆ ಸಹಿ ಹಾಕಿದವಳು. ಈ ಸಲ “ಇಟ್ಟು ಹೋಗಣ್ಣ, ಓದ್ತೀನಿ” ಅನ್ನುತ್ತಾಳೆ.

ಅವಳು ಇಲ್ಲ ಅಂದಿಲ್ಲ. ಪಾಲು ಬೇಕು ಅಂತಲೂ ಕೇಳಿಲ್ಲ. ಓದುತ್ತೇನೆ ಅಂದಳು, ಅಷ್ಟೇ. ಆದರೆ ಆ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರುವುದಿಲ್ಲ.

ನಾನು ಈ ಬೆಲೆಯನ್ನು ಬೇಕೆಂದೇ ಆರಿಸಿದ್ದು. ಕೋರ್ಟು, ಹೊಡೆದಾಟ ಬರೆಯುವುದು ಸುಲಭ. ಆದರೆ ಗೌರಿ ಹಬ್ಬದ ದಿನ ಅಕ್ಕಪಕ್ಕದ ಮನೆಗೆಲ್ಲ ತವರಿನ ಮೊರ ಬಂದು, ಇವಳ ಮನೆಗೆ ಮಾತ್ರ ಬರದೇ ಇದ್ದಾಗ, ‘ನಿಮ್ಮಣ್ಣ ಬರಲಿಲ್ವಾ?’ ಅಂತ ಒಬ್ಬರು ಕೇಳಿದಾಗ ಆಗುವ ಸಂಕಟ ಕನ್ನಡದ ಓದುಗರಿಗೆ ವಿವರಿಸಿ ಹೇಳಬೇಕಿಲ್ಲ. ನಿಮ್ಮ ಕಥೆಯ ಬೆಲೆಯೂ ಇಷ್ಟು ಮನೆಯೊಳಗಿನದ್ದಾಗಿರಲಿ.

ಎಚ್ಚರಿಕೆಯ ಲಕ್ಷಣಗಳು ಎರಡು. ತೀರ್ಮಾನ ತೆಗೆದುಕೊಂಡ ಮೇಲೆ ಎಲ್ಲರೂ ಅವಳನ್ನು ಮೆಚ್ಚಿದರೆ, ಬೆಲೆ ಬಿಟ್ಟುಹೋಗಿದೆ. ಪಟ್ಟಣದಿಂದ ಬಂದ ಪತ್ರಕರ್ತನೋ ಹಳೆಯ ಗೆಳೆಯನೋ ‘ನಿನ್ನ ಶಕ್ತಿ ನಿನಗೆ ಗೊತ್ತಿಲ್ಲ’ ಎಂದು ಅವಳಿಗೆ ಹೇಳಿಕೊಟ್ಟರೆ, ತೀರ್ಮಾನ ಅವಳದಾಗಿ ಉಳಿದಿಲ್ಲ. ಎರಡನ್ನೂ ನಾನು ಎಷ್ಟು ಸಲ ನೋಡಿದ್ದೇನೆ ಎಂದರೆ, ಈಗ ಕರಡಿನಲ್ಲಿ ಕ್ಯಾಮೆರಾ ಹಾಕಿಕೊಂಡ ಗಂಡಸು ಬಂದರೆ ಅಲ್ಲೇ ಪೆನ್ಸಿಲ್ ಗುರುತು ಹಾಕಿಬಿಡುತ್ತೇನೆ.

ಇನ್ನು ಬೆಂಗಳೂರಿನ ಬಸ್ಸು. ಮನೆ ಬಿಡುವುದು ತಪ್ಪಲ್ಲ. ಬಿಡಲೇಬೇಕಾದ ಮನೆಗಳಿವೆ. ಆದರೆ ಬಸ್ಸು ಹತ್ತಿದ ತಕ್ಷಣ ಕಾದಂಬರಿ ಮುಗಿದರೆ ಅವಳು ಏನನ್ನೂ ಎದುರಿಸಲಿಲ್ಲ ಎಂದಾಯಿತು. ಹತ್ತಿಸುವುದಾದರೆ ಪುಸ್ತಕದ ಅರ್ಧದಲ್ಲೇ ಹತ್ತಿಸಿ, ಉಳಿದರ್ಧ ಅಲ್ಲಿನ ಬಾಡಿಗೆ, ನೀರು, ಕೆಲಸ ಬರೆಯಿರಿ.

## ಹಂತ 6: ಸುತ್ತಲಿನವರಿಗೂ ಕಾರಣ ಕೊಡಿ

ಅತ್ತೆ ರಾಕ್ಷಸಿ, ಗಂಡ ಕುಡುಕ ಆದರೆ ನಾಯಕಿಯ ಕೆಲಸ ತೀರಾ ಸುಲಭವಾಗುತ್ತದೆ. ಜಲಜಳ ಗಂಡ ಒಳ್ಳೆಯವನು. ದುಡ್ಡಿನ ಚಿಂತೆ ಹೆಂಡತಿಗೆ ಯಾಕೆ ಅಂತ ನಿಜವಾಗಿಯೂ ಅಂದುಕೊಂಡಿದ್ದಾನೆ. ಸೊಸೈಟಿಯಲ್ಲಿ ಇರುವ ಸಾಲ ಎಷ್ಟು ಎಂದು ಅವಳಿಗೆ ಹೇಳಿಲ್ಲ, ಹೇಳಲು ನಾಚಿಕೆ. ಅತ್ತೆಗೆ ತನ್ನ ಕಾಲದಲ್ಲಿ ಲಾಂಚ್ ದಾಟಲೂ ಯಜಮಾನರ ಅಪ್ಪಣೆ ಬೇಕಿತ್ತು. ಸೊಸೆ ಒಬ್ಬಳೇ ಹೊರಟಾಗ ಅವರಿಗೆ ಸಿಟ್ಟೂ ಬರುತ್ತದೆ, ಒಂದು ಥರ ಹೊಟ್ಟೆಕಿಚ್ಚೂ ಆಗುತ್ತದೆ.

ಒಂದು ಅಭ್ಯಾಸ ಮಾಡಿ. ಮಂಡಿಗೆ ಹೋಗುವ ದಿನದ ಬೆಳಗ್ಗೆಯನ್ನು ಅತ್ತೆಯ ಕಡೆಯಿಂದ ಎರಡು ಪುಟ ಬರೆಯಿರಿ. ಕಾದಂಬರಿಗೆ ಹಾಕಬೇಡಿ. ಬರೆದಾಗ ಅತ್ತೆ ನಿಮ್ಮ ಕೈಯಲ್ಲಿ ಬುತ್ತಿ ಕಟ್ಟಿಕೊಡುತ್ತಾರೋ, ಬಾಗಿಲು ಹಾಕಿಕೊಳ್ಳುತ್ತಾರೋ ತಾನಾಗಿ ಗೊತ್ತಾಗುತ್ತದೆ. ನನಗೆ ಬುತ್ತಿ ಬಂತು. ಒಂದು ಮಾತೂ ಆಡದೆ ಕಟ್ಟಿಕೊಟ್ಟರು.

## ಹಂತ 7: ಅರಿವಿನ ದೃಶ್ಯ

ಈಗ ಎಲ್ಲರೂ ಮೊದಲು ಬರೆಯುವ ದೃಶ್ಯಕ್ಕೆ ಬಂದೆವು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಮೊದಲು ಕೆಟ್ಟುಹೋದ ಮಾದರಿ. ಇದನ್ನು ನಾನೇ ಬರೆದು ತೋರಿಸುತ್ತಿದ್ದೇನೆ, ಯಾರ ಕರಡೂ ಅಲ್ಲ:

ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು. ಜಲಜ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡಳು. ಇಷ್ಟು ವರ್ಷ ತಾನು ಯಾರಿಗಾಗಿ ಬದುಕಿದೆ? ತನ್ನೊಳಗೂ ಒಂದು ಶಕ್ತಿಯಿದೆ ಎಂದು ಅವಳಿಗೆ ಮೊದಲ ಬಾರಿಗೆ ಅರಿವಾಯಿತು. ಅವಳ ಕಣ್ಣಿಂದ ಹನಿಯೊಂದು ಜಾರಿತು.

ವಾಕ್ಯಗಳಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ಜಲಜಳ ಹೆಸರು ತೆಗೆದು ಬೇರೆ ಯಾರದ್ದು ಹಾಕಿದರೂ ನಡೆಯುತ್ತದೆ. ತೋಟ ಇಲ್ಲ, ಲೆಕ್ಕ ಇಲ್ಲ, ಬೇರೆ ಮನುಷ್ಯರಿಲ್ಲ. ಅವಳು ಏನನ್ನೂ ಮಾಡುತ್ತಿಲ್ಲ. ಮಳೆ, ಕನ್ನಡಿ, ಕಣ್ಣೀರು ಮೂರೂ ಅವಳ ಬದಲಿಗೆ ದುಡಿಯುತ್ತಿವೆ.

ಈಗ ಅದೇ ಅರಿವನ್ನು ಅವಳ ಕೆಲಸದ ಒಳಗೆ ಇಟ್ಟು ನೋಡೋಣ. ಜಾಗ ಸಾಗರದ ಒಂದು ಅಡಿಕೆ ಮಂಡಿ. ರಾಶಿ ಎಂದರೆ ಅಡಿಕೆಯ ಒಂದು ದರ್ಜೆ, ದರ ಕ್ವಿಂಟಾಲಿಗೆ:

ಗುಮಾಸ್ತ ಪಟ್ಟಿ ಹರಿದು ಕೊಟ್ಟ. ಜಲಜ ಮಡಚಿಕೊಳ್ಳಲು ಹೋಗಿ ನಿಂತಳು. ರಾಶಿ, ಮೂರು ಕ್ವಿಂಟಾಲ್ ಇಪ್ಪತ್ತು ಕೆಜಿ. ದರ ನಲವತ್ತೆಂಟು ಸಾವಿರ. ಮೊತ್ತ ಒಂದು ಲಕ್ಷದ ಐವತ್ತು ಸಾವಿರದ ಆರುನೂರು.

“ಇದು ಐವತ್ಮೂರು ಸಾವಿರದ ಆರುನೂರು ಆಗ್ಬೇಕಲ್ಲ” ಅಂದಳು.

ಗುಮಾಸ್ತ ತಲೆ ಎತ್ತಲಿಲ್ಲ. “ಕಮಿಷನ್ನು, ಹಮಾಲಿ ಎಲ್ಲ ಕಳೀತೀವಲ್ಲಮ್ಮ. ಯಜಮಾನ್ರಿಗೆ ಗೊತ್ತಿರ್ತದೆ.”

“ಅದನ್ನ ಕೆಳಗೆ ಬೇರೆ ಬರ್ದಿದೀರಿ. ನಾ ಹೇಳಿದ್ದು ಮೇಲಿಂದು.”

ಅವನು ಕ್ಯಾಲ್ಕುಲೇಟರ್ ಎಳೆದುಕೊಂಡ. ಒಂದು ಸಲ ಒತ್ತಿದ. ಅಳಿಸಿ ಇನ್ನೊಂದು ಸಲ ಒತ್ತಿದ. ಹಿಂದೆ ನಿಂತವರು ಕೆಮ್ಮಿದರು. ಪೆನ್ನು ತೆಗೆದು ಸೊನ್ನೆಯನ್ನು ಮೂರು ಮಾಡಿ, ಪಕ್ಕದಲ್ಲಿ ಸಣ್ಣ ಸಹಿ ಹಾಕಿ ನೂಕಿದ.

ಗೋಡೆಯ ಗಡಿಯಾರದಲ್ಲಿ ನಾಲ್ಕು ದಾಟಿತ್ತು. ಈಗ ಹೊರಟರೆ ಕೊನೆ ಲಾಂಚ್ ಸಿಗುತ್ತದೆ.

“ತಿದ್ದಿದ್ದು ಬೇಡ. ಹೊಸ ಪಟ್ಟಿ ಬರ್ದುಕೊಡಿ” ಅಂದಳು ಜಲಜ. “ನಾನು ಕಾಯ್ತೀನಿ.”

ಇಷ್ಟೇ. ಅವಳಿಗೆ ಏನು ಅರಿವಾಯಿತು ಎಂದು ಒಂದು ಸಾಲೂ ಇಲ್ಲ. ಆದರೆ ಹಂತ 1ರ ಬಾಯಿಲೆಕ್ಕ, ಹಂತ 2ರ ಲಾಂಚ್, ಹಂತ 3ರ ಅಪ್ಪಯ್ಯನ ಮಾತು, ಹಂತ 4ರ ಹಾಸ್ಟೆಲ್ ದುಡ್ಡು ಎಲ್ಲವೂ ಆ ಪಟ್ಟಿಯ ಒಂದು ಸೊನ್ನೆಯಲ್ಲಿ ಬಂದು ಸೇರಿವೆ. ‘ಯಜಮಾನ್ರಿಗೆ ಗೊತ್ತಿರ್ತದೆ’ ಎನ್ನುವುದು ಅಪ್ಪಯ್ಯನ ಮಾತೇ, ಬೇರೆ ಬಾಯಿಂದ ಬಂದಿದೆ. ಗುಮಾಸ್ತ ಮೋಸಗಾರನೂ ಅಲ್ಲ, ಕೈತಪ್ಪಿ ಆಗಿದ್ದು. ಮೋಸ ಅಂತ ಮಾಡಿದರೆ ಓದುವವರ ಗಮನ ಅವನ ಮೇಲೆ ಹೋಗುತ್ತದೆ, ಜಲಜಳಿಂದ ದೂರವಾಗುತ್ತದೆ.

ಮುಖ್ಯವಾದದ್ದು ಕೊನೆಯ ಮಾತು. ಮೂರು ಸಾವಿರದ ತಪ್ಪು ಸರಿಯಾಗಿದೆ. ಅವಳು ಹೊರಡಬಹುದಿತ್ತು. ಕಾಯುತ್ತೇನೆ ಅಂದಳು. ಲಾಂಚ್ ತಪ್ಪುತ್ತದೆ, ರಾತ್ರಿ ಸಾಗರದಲ್ಲಿ ನೆಂಟರ ಮನೆಯಲ್ಲಿ ಉಳಿಯಬೇಕು, ಮನೆಯಲ್ಲಿ ಜ್ವರದ ಗಂಡ. ಹೊಸ ಪಟ್ಟಿ ಬೇಕು ಎಂಬ ಆ ಹಟ ಎಲ್ಲಿಂದ ಬಂತು ಎಂದು ಅವಳಿಗೇ ಗೊತ್ತಿಲ್ಲ. ಓದುವವರಿಗೆ ಗೊತ್ತು.

ಈ ದೃಶ್ಯ ಬರೆಯುವಾಗ ಇಟ್ಟುಕೊಳ್ಳಬೇಕಾದ ಕ್ರಮ:

1. ಅವಳ ಕೈಯಲ್ಲಿ ಏನಾದರೂ ಇರಲಿ. ಪಟ್ಟಿ, ಮೊರ, ಬೀಗದ ಕೈ, ಏನಾದರೂ.

2. ಎದುರಿಗೆ ಬೇರೆ ಮನುಷ್ಯ ಇರಲಿ, ಅವನಿಗೆ ಅವಸರ ಇರಲಿ.

3. ಅಂಟಿದ ಮಾತು ಬೇರೆ ರೂಪದಲ್ಲಿ ಒಂದು ಸಲ ಕೇಳಿಬರಲಿ. ಎರಡು ಸಲ ಬಂದರೆ ಓದುವವರಿಗೆ ಚುಚ್ಚಿ ತೋರಿಸಿದ ಹಾಗಾಗುತ್ತದೆ.

4. ಅವಳು ಅಗತ್ಯಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಲಿ. ಅಲ್ಲಿಗೆ ನಿಲ್ಲಿಸಿ.

5. ಬರೆದ ಮೇಲೆ ‘ಅರಿವಾಯಿತು’, ‘ಅನ್ನಿಸಿತು’, ‘ಹೊಳೆಯಿತು’, ‘ಮೊದಲ ಬಾರಿಗೆ’ ಹುಡುಕಿ ಹೊಡೆದುಹಾಕಿ. ಹೊಡೆದಾಗ ದೃಶ್ಯ ಕುಸಿದುಬಿದ್ದರೆ, ಹಿಂದಿನ ಹಂತ ಒಂದು ಬಿಟ್ಟುಹೋಗಿದೆ. ಹೆಚ್ಚಾಗಿ ಅದು ಹಂತ 3 ಆಗಿರುತ್ತದೆ.

ಲೆಕ್ಕ ಬರೆಯುವಾಗ ನೀವೂ ಕೂಡಿ ನೋಡಿ. 48,000ವನ್ನು 3.20ರಿಂದ ಗುಣಿಸಿದರೆ 1,53,600. ಅಡಿಕೆ ದರ ವರ್ಷದಿಂದ ವರ್ಷಕ್ಕೆ ಬಹಳ ಏರಿಳಿಯುತ್ತದೆ, ಹಾಗಾಗಿ ಕಥೆಯ ವರ್ಷದ ದರವನ್ನೇ ಹಾಕಿ. ತೋಟದವರು ಓದುವಾಗ ಮೊದಲು ನೋಡುವುದೇ ಅದನ್ನು.

## ಹಂತ 8: ಯಾರ ಬಾಯಲ್ಲಿ ಯಾವ ಮಾತು

ಜಲಜ ಯಾವ ಜನಾಂಗದವಳು ಎಂದು ನಾನು ಇಲ್ಲಿ ಹೇಳಿಲ್ಲ. ನೀವು ಗೊತ್ತು ಮಾಡಲೇಬೇಕು. ಹವ್ಯಕರ ಮನೆಯ ಕನ್ನಡ, ದೀವರ ಮನೆಯ ಕನ್ನಡ, ತೀರ್ಥಹಳ್ಳಿ ಕಡೆ ಒಕ್ಕಲಿಗರ ಮನೆಯ ಕನ್ನಡ ಒಂದೇ ಅಲ್ಲ. ತಾಯಿಯನ್ನು ಅಮ್ಮ ಅನ್ನುತ್ತಾಳೋ, ಅವ್ವ ಅನ್ನುತ್ತಾಳೋ, ಆಯಿ ಅನ್ನುತ್ತಾಳೋ ಎನ್ನುವುದರಲ್ಲೇ ಮನೆ ಕಾಣುತ್ತದೆ. ‘ಮಲೆನಾಡಿನ ಭಾಷೆ’ ಎಂದು ಎಲ್ಲರ ಬಾಯಿಗೂ ಮಾರಾಯ್ತಿ ತುರುಕಿದರೆ ಯಾರ ಮನೆಯೂ ಕಾಣುವುದಿಲ್ಲ.

ಇನ್ನೊಂದು ಚಿಕ್ಕ ವಿಷಯ, ಆದರೆ ಬಹಳ ಉಪಯೋಗಕ್ಕೆ ಬರುತ್ತದೆ. ಅವಳನ್ನು ಯಾರು ಏನಂತ ಕರೆಯುತ್ತಾರೆ ಎಂದು ಪಟ್ಟಿ ಮಾಡಿ. ಅತ್ತಿಗೆ, ಅಮ್ಮ, ಜಲಜಕ್ಕ, ‘ಏ ಇವಳೇ’. ಕಾದಂಬರಿಯ ನಡುವೆ ಒಬ್ಬರು ಕರೆಯುವ ರೀತಿ ಬದಲಾಗಲಿ, ಅದರ ಬಗ್ಗೆ ಯಾರೂ ಮಾತಾಡದೆ ಇರಲಿ. ಮುಂದಿನ ಕೊಯ್ಲಿನಲ್ಲಿ ಗುಮಾಸ್ತ ‘ಬನ್ನಿ ಜಲಜಮ್ಮ’ ಅಂದರೆ ಸಾಕು.

## ಹಂತ 9: ಕೊನೆಯ ಅಧ್ಯಾಯ

ಕೊನೆಯ ಅಧ್ಯಾಯದಲ್ಲಿ ಮೊದಲ ಅಧ್ಯಾಯದ ಕೆಲಸವನ್ನೇ ಅವಳ ಕೈಗೆ ಮತ್ತೆ ಕೊಡಿ. ಸುಲಿತದ ರಾತ್ರಿ, ಅದೇ ಜನ, ಅದೇ ಡಬ್ಬ. ಒಂದೇ ವಿಷಯ ಬದಲಾಗಿರಲಿ. ಯಾವುದು ಎಂದು ನೀವು ಹುಡುಕಬೇಕು. ಜಲಜ ಈ ಸಲ ನೋಟ್‌ಬುಕ್ಕನ್ನು ಮುಚ್ಚಿಡದೆ ತೊಡೆಯ ಮೇಲೆ ಇಟ್ಟುಕೊಂಡು ಬರೆಯಬಹುದು. ಸುಲಿಯಲು ಬಂದ ಹುಡುಗಿಯೊಬ್ಬಳಿಗೆ ‘ನಿಂದು ನೀನೇ ಬರ್ಕೋ’ ಎಂದು ಪೆನ್ನು ಕೊಡಬಹುದು.

ಅಣ್ಣನ ಜೊತೆ ರಾಜಿ ಮಾಡಿಸಲು ಅವಸರ ಮಾಡಬೇಡಿ. ಖುಲಾಸೆ ಪತ್ರಕ್ಕೆ ಅವಳು ಸಹಿ ಹಾಕಿದಳೋ ಇಲ್ಲವೋ ಎನ್ನುವುದನ್ನು ಮಾತ್ರ ಮುಚ್ಚಿಡಬೇಡಿ, ಅದನ್ನು ಓದುವವರಿಗೆ ಹೇಳಬೇಕು. ಓದಿ, ಅರ್ಥ ಮಾಡಿಕೊಂಡು, ಆಮೇಲೆ ಅವಳೇ ಸಹಿ ಹಾಕಿದರೂ ಅದು ಮೊದಲಿನ ಸಹಿಯಲ್ಲ. ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದ ಮುಕ್ತಾಯ ಅದೇ, ಆದರೆ ನಿಮ್ಮ ಜಲಜ ಹಾಕದೇ ಇರಬಹುದು.

ಕರಡು ಮುಗಿದ ಮೇಲೆ ಒಂದು ತಿಂಗಳು ಮುಟ್ಟಬೇಡಿ. ಆಮೇಲೆ ಮೊದಲ ಅಧ್ಯಾಯ, ಮಂಡಿಯ ಅಧ್ಯಾಯ, ಕೊನೆಯ ಅಧ್ಯಾಯ ಈ ಮೂರನ್ನು ಮಾತ್ರ ತೆಗೆದುಕೊಂಡು, ಶುರುವಿನಲ್ಲಿ ನಾಲ್ಕು ಸಂಜೆ ಕೂತಿದ್ದಿರಲ್ಲ, ಅದೇ ಹೆಂಗಸಿನ ಮನೆಗೆ ಹೋಗಿ. ಜೋರಾಗಿ ಓದಿ. ಅವರು ಎಲ್ಲಿ ತಡೆಯುತ್ತಾರೋ ಅಲ್ಲಿ ಪೆನ್ಸಿಲ್ ಗುರುತು ಹಾಕಿಕೊಳ್ಳಿ, ವಾದ ಮಾಡಬೇಡಿ. ಚೆನ್ನಾಗಿದೆಯಾ ಅಂತ ಕೇಳಬೇಡಿ. ‘ನೀವಾಗಿದ್ರೆ ಆ ಪತ್ರಕ್ಕೆ ಸೈನ್ ಹಾಕ್ತಿದ್ರಾ?’ ಅಂತ ಕೇಳಿ.